ಸಣ್ಣ ಊರಿನ ದೂರವಾಣಿ ಕಟ್ಟಡವನ್ನು ಓದುವ ಬಗೆ

ಅವಿನಾಶಿಯ ಹೆಸರೆತ್ತಿದೊಡನೆ ಯಾರಿಗಾದರೂ ಮೊದಲು ನೆನಪಾಗುವುದು ಅವಿನಾಶಿಲಿಂಗೇಶ್ವರನ ದೇವಾಲಯ, ಮತ್ತು ಮೊಸಳೆ ನುಂಗಿದ ಬಾಲಕನನ್ನು ಸುಂದರಮೂರ್ತಿ ನಾಯನಾರರು ಹಾಡಿ ಮರಳಿ ಪಡೆದರೆಂಬ ಕಥೆ. ದೇವಾಲಯವೊಂದನ್ನು ನೋಡುವ ಬಗೆಯನ್ನು ಹಿರಿಯರು ನಮಗೆ ಚೆನ್ನಾಗಿಯೇ ಕಲಿಸಿದ್ದಾರೆ. ಗೋಪುರವೆಲ್ಲಿ, ಧ್ವಜಸ್ತಂಭವೆಲ್ಲಿ, ಮಂಟಪವನ್ನು ದಾಟಿ ಗರ್ಭಗೃಹದತ್ತ ಸಾಗುವ ದಾರಿ ಹೆಜ್ಜೆಹೆಜ್ಜೆಗೂ ಏಕೆ ಕಿರಿದಾಗುತ್ತದೆ, ಏಕೆ ಕತ್ತಲಾಗುತ್ತದೆ ಎಂಬುದನ್ನು ನಮ್ಮ ಮಕ್ಕಳೂ ಹೇಳಬಲ್ಲರು. ಆದರೆ 2009ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದು ಆಮೇಲೆ ತಿರುಪ್ಪೂರು ಜಿಲ್ಲೆಗೆ ಸೇರಿದ ಈ ಊರಿನಂಥ ತಾಲ್ಲೂಕು ಕೇಂದ್ರಗಳಲ್ಲಿ, ಪೇಟೆಯ ನಡುವೆ ನಿಂತಿರುವ ಇನ್ನೊಂದು ಬಗೆಯ ಕಟ್ಟಡವನ್ನು ನೋಡಲು ಯಾರೂ ಕಲಿಸಲಿಲ್ಲ. ಅದೇ ದೂರವಾಣಿ ವಿನಿಮಯ ಕೇಂದ್ರ. ಜನರ ಬಾಯಲ್ಲಿ ಎಕ್ಸ್‌ಚೇಂಜು. ಬಿಲ್ಲು ಕಟ್ಟಲು ಹೋದವರು ಕಿಟಕಿಯಿಂದಲೇ ಹಿಂದಿರುಗಿದರು. ಒಳಗೆ ಏನಿತ್ತು, ಕಟ್ಟಡ ಏಕೆ ಹಾಗಿತ್ತು ಎಂದು ಕೇಳಿದವರು ಕಡಿಮೆ.

ಈ ಲೇಖನದ ಉದ್ದೇಶ ಯಾವುದೋ ಒಂದು ಕಟ್ಟಡದ ಚರಿತ್ರೆಯನ್ನು ಹೇಳುವುದಲ್ಲ. ಇಂತಹ ಕಟ್ಟಡಗಳಿಗೆ ಒಂದು ವ್ಯಾಕರಣವಿದೆ. ಅದನ್ನು ತಿಳಿದರೆ ಯಾವ ಊರಿನ ಎಕ್ಸ್‌ಚೇಂಜನ್ನಾದರೂ ಓದಬಹುದು. ಉದಾಹರಣೆಗೆ ಬೇಕಾದಾಗ ಕನ್ನಡನಾಡಿನ ಒಂದು ಸಣ್ಣ ಊರಾದ ಕಿತ್ತೂರಿಗೆ ಹೋಗಿಬರೋಣ. ರಾಣಿ ಚೆನ್ನಮ್ಮನ ಆ ಊರಿಗೂ ದೂರವಾಣಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಸಣ್ಣದೇನಲ್ಲ.

ಮೊದಲು ಒಂದು ಮೂಲಭೂತ ಸಂಗತಿ. ಹಳೆಯ ದೂರವಾಣಿಯಲ್ಲಿ ಪ್ರತಿಯೊಬ್ಬ ಚಂದಾದಾರನ ಮನೆಯಿಂದಲೂ ಎರಡು ತಾಮ್ರದ ತಂತಿಗಳು ಎಕ್ಸ್‌ಚೇಂಜಿನವರೆಗೆ ಬರಬೇಕಿತ್ತು. ನೂರು ಮನೆಗೆ ನೂರು ಜೋಡಿ. ಇಷ್ಟೊಂದು ತಂತಿಗಳು ಒಂದೆಡೆ ಸೇರುವ ಜಾಗವೇ ವಿನಿಮಯ ಕೇಂದ್ರ. ಅವುಗಳನ್ನು ಒಳಗೆ ತರುವುದು ಹೇಗೆಂಬ ಪ್ರಶ್ನೆಯೇ ಈ ವಾಸ್ತುವಿನ ಮೊದಲ ಪ್ರಶ್ನೆ. 1882ರ ಜನವರಿ 28ರಂದು ಕಲ್ಕತ್ತೆಯಲ್ಲಿ ಉದ್ಘಾಟನೆಯಾದ ವಿನಿಮಯ ಕೇಂದ್ರವು ಕೌನ್ಸಿಲ್ ಹೌಸ್ ಬೀದಿಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ತಂತಿಗಳು ಆಗ ಗಾಳಿಯಲ್ಲಿ, ಮನೆಗಳ ಮಾಡಿನ ಮೇಲೆ ಬರುತ್ತಿದ್ದ ಕಾಲ. ಅವು ಬಂದಿಳಿಯುವ ಕಡೆಗೆ ಯಂತ್ರವೂ ಏರಿ ಕೂರುವುದು ಸಹಜವಾಗಿತ್ತು. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ 1887ರಲ್ಲಿ ಎಕ್ಸ್‌ಚೇಂಜಿನ ಮೇಲೆ ಕಬ್ಬಿಣದ ಒಂದು ಗೋಪುರವನ್ನೇ ಎತ್ತಿದರು. ಸುಮಾರು ಐದು ಸಾವಿರ ತಂತಿಗಳು ನಾಲ್ಕು ದಿಕ್ಕಿನಿಂದ ಜೇಡರ ಬಲೆಯಂತೆ ಅದಕ್ಕೆ ಬಂದು ಸೇರುತ್ತಿದ್ದವು. ತಂತಿಗಳು ನೆಲದಡಿಯ ಕೇಬಲುಗಳಾದ ಮೇಲೆ ಆ ಗೋಪುರಕ್ಕೆ ಕೆಲಸವಿಲ್ಲವಾಯಿತು. 1952ರ ಬೆಂಕಿಯಲ್ಲಿ ಹಾಳಾಗಿ ಮರುವರ್ಷ ಅದನ್ನು ಕೆಡವಿದರು. ಕೇಬಲು ನೆಲಕ್ಕಿಳಿದಾಗ ಎಕ್ಸ್‌ಚೇಂಜಿನ ಬಾಗಿಲೂ ನೆಲಕ್ಕಿಳಿಯಿತು. ಮುಂದೆ ಕಟ್ಟಿದ ಎಕ್ಸ್‌ಚೇಂಜುಗಳಲ್ಲೆಲ್ಲ ತಂತಿ ಒಳಬರುವ ಕೋಣೆ ಕೆಳಗಿನ ಮಹಡಿಯಲ್ಲಿರುವುದು ಇದರಿಂದಲೇ.

ಸಣ್ಣ ಊರುಗಳಲ್ಲಿ ಕಥೆ ಇಷ್ಟು ವೈಭವದಿಂದ ಆರಂಭವಾಗಲಿಲ್ಲ. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ದೂರವಾಣಿಗಳು ಸುಮಾರು 80,000; ವಿನಿಮಯ ಕೇಂದ್ರಗಳು ಮುನ್ನೂರಕ್ಕೆ ಸ್ವಲ್ಪ ಮೇಲೆ. ತಾಲ್ಲೂಕು ಊರಿಗೆ ದೂರವಾಣಿ ಬಂದಾಗ ಅದಕ್ಕೆ ಸ್ವಂತ ಮನೆ ಇರುತ್ತಿರಲಿಲ್ಲ. ಅಂಚೆ ಮತ್ತು ತಂತಿ ಒಂದೇ ಇಲಾಖೆಯಾಗಿದ್ದುದರಿಂದ ಅಂಚೆ ಕಚೇರಿಯ ಒಂದು ಮೂಲೆಯಲ್ಲಿ, ಟೆಲಿಗ್ರಾಫಿನ ಕಟ್ಟುಕಟ್ಟು ಸದ್ದಿನ ಪಕ್ಕದಲ್ಲಿ, ಮರದ ಒಂದು ಬೋರ್ಡನ್ನು ನಿಲ್ಲಿಸುತ್ತಿದ್ದರು. ಚಂದಾದಾರನು ತನ್ನ ಪೆಟ್ಟಿಗೆಯ ಹಿಡಿಯನ್ನು ತಿರುಗಿಸಿದರೆ ಬೋರ್ಡಿನ ಮೇಲೆ ಅವನ ಸಂಖ್ಯೆಯ ಪುಟ್ಟ ಮುಚ್ಚಳ ಕೆಳಗೆ ಬೀಳುತ್ತಿತ್ತು. ಆಪರೇಟರು ಒಂದು ಬಳ್ಳಿಯನ್ನು ಅಲ್ಲಿಗೆ ಚುಚ್ಚಿ, ಯಾರು ಬೇಕೆಂದು ಕೇಳಿ, ಬಳ್ಳಿಯ ಇನ್ನೊಂದು ತುದಿಯನ್ನು ಬೇಕಾದವರ ತೂತಿಗೆ ಚುಚ್ಚುತ್ತಿದ್ದರು. ಮಾತಿಗೆ ಬೇಕಾದ ವಿದ್ಯುತ್ತು ಚಂದಾದಾರನ ಮನೆಯಲ್ಲಿಯೇ ಇದ್ದ ಶುಷ್ಕ ಕೋಶಗಳಿಂದ. ಆದ್ದರಿಂದ ಎಕ್ಸ್‌ಚೇಂಜಿಗೆ ಬೇಕಾದದ್ದು ಒಂದು ಮೇಜಿನ ಜಾಗ, ಒಂದು ಕುರ್ಚಿ, ಮತ್ತು ತಾಳ್ಮೆಯ ಒಬ್ಬ ಮನುಷ್ಯ.

ಈ ಮನುಷ್ಯನ ವಿಷಯವನ್ನು ದಾಟಿ ಹೋಗಬಾರದು. ತಮಿಳು ನಾಡಿನೊಳಗಿರುವ ನಮ್ಮಂಥ ಕನ್ನಡ ಮನೆಗಳವರಿಗೆ ಬಂಧುಬಳಗ ಕೊಳ್ಳೇಗಾಲ, ಚಾಮರಾಜನಗರ, ಮೈಸೂರುಗಳಲ್ಲಿ ಹರಡಿದೆ. ಅಲ್ಲಿಗೆ ಟ್ರಂಕ್ ಕರೆ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ಕರೆ ಮೂರು ನಾಲ್ಕು ಊರುಗಳ ಆಪರೇಟರುಗಳ ಕೈ ದಾಟಿ ಹೋಗುತ್ತಿತ್ತು. ಒಂದು ಕಡೆ ತಮಿಳು, ನಡುವೆ ಇಂಗ್ಲಿಷು, ಆಚೆ ಕನ್ನಡ. ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂದು ದರಕ್ಕೆ ತಕ್ಕ ದರ್ಜೆ. ಮೂರು ನಿಮಿಷಕ್ಕೆ ಒಂದು ಲೆಕ್ಕ. ಮೂರು ನಿಮಿಷ ಮುಗಿದುದನ್ನು ನೆನಪಿಸುವ ದನಿ ಮದುವೆಯ ಮಾತಿನ ನಡುವೆಯೂ ಬರುತ್ತಿತ್ತು, ಸಾವಿನ ಸುದ್ದಿಯ ನಡುವೆಯೂ. ಊರಿನ ಗುಟ್ಟೆಲ್ಲ ಆ ಬೋರ್ಡಿನ ಮುಂದೆ ಕುಳಿತವರಿಗೆ ತಿಳಿದಿರುತ್ತಿತ್ತು. ಅದನ್ನು ಹೊರಗೆ ಹೇಳದಿರುವುದೇ ಅವರ ವೃತ್ತಿಧರ್ಮ. ಬೋರ್ಡು ಬೆಳೆದು ಆಪರೇಟರುಗಳ ಸಂಖ್ಯೆ ಹೆಚ್ಚಿದಂತೆ ಕಟ್ಟಡದಲ್ಲಿ ಅವರಿಗೂ ಒಂದು ಪಾಲು ಬೇಕಾಯಿತು: ಮಾತು ಮಾತಿಗೆ ಡಿಕ್ಕಿ ಹೊಡೆಯದಂತೆ ಸದ್ದು ಹೀರುವ ಗೋಡೆ, ಕಣ್ಣಿಗೆ ಎದುರಾಗದಂತೆ ಪಕ್ಕದಿಂದ ಬೀಳುವ ಬೆಳಕು, ರಾತ್ರಿ ಪಾಳಿಯ ಮಹಿಳೆಯರಿಗೆ ವಿಶ್ರಾಂತಿ ಕೊಠಡಿ. ಹೆಣ್ಣುಮಕ್ಕಳು ರಾತ್ರಿ ಕೆಲಸ ಮಾಡಲು ಗೌರವದ ಸ್ಥಳವೊಂದು ಸಣ್ಣ ಊರುಗಳಲ್ಲಿ ಸಿದ್ಧವಾದದ್ದು ಆಸ್ಪತ್ರೆಯನ್ನು ಬಿಟ್ಟರೆ ಇಲ್ಲಿಯೇ ಎಂದು ನನಗೆ ತೋರುತ್ತದೆ.

ಎಕ್ಸ್‌ಚೇಂಜಿಗೆ ಸ್ವಂತ ಮನೆ ಬೇಕೇಬೇಕೆಂದು ಹಟ ಹಿಡಿದದ್ದು ಸ್ವಯಂಚಾಲಿತ ಯಂತ್ರ. ಅದರ ಮೂಲಪುರುಷ ಆಲ್ಮನ್ ಸ್ಟ್ರೌಜರ್ ಅಮೆರಿಕದ ಕಾನ್ಸಾಸ್ ನಗರದಲ್ಲಿ ಶವಸಂಸ್ಕಾರದ ವ್ಯಾಪಾರ ನಡೆಸುತ್ತಿದ್ದವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಬೇರೆಯವರಿಗೆ ತಿರುಗಿಸುತ್ತಿದ್ದಾರೆಂಬ ಸಂಶಯದಿಂದಲೇ ಆಪರೇಟರು ಬೇಡದ ಯಂತ್ರವನ್ನು ಆತ ಯೋಚಿಸಿದನೆಂದು ಹೇಳುತ್ತಾರೆ. 1891ರಲ್ಲಿ ಪೇಟೆಂಟು ದೊರೆಯಿತು. 1892ರಲ್ಲಿ ಇಂಡಿಯಾನಾ ರಾಜ್ಯದ ಲಾಪೋರ್ಟ್ ಎಂಬ ಸಣ್ಣ ಊರಿನಲ್ಲಿ ಮೊದಲ ಕೇಂದ್ರ ತೆರೆಯಿತು. ನಮ್ಮ ದೇಶದಲ್ಲಿ ಇಂತಹ ಸ್ವಯಂಚಾಲಿತ ಕೇಂದ್ರ ಮೊದಲು ಬಂದದ್ದು ಶಿಮ್ಲಾದಲ್ಲಿ, 1913ರ ಸುಮಾರಿಗೆ. ಸ್ವತಂತ್ರ ಭಾರತದಲ್ಲಿ ಈ ಯಂತ್ರಗಳನ್ನು ತಯಾರಿಸಿದ್ದು 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಆ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು.

ಯಂತ್ರದ ಕೆಲಸ ಸರಳವಾಗಿದೆ. ಡಯಲಿನಲ್ಲಿ 5ನ್ನು ತಿರುಗಿಸಿ ಬಿಟ್ಟರೆ ಅದು ಹಿಂದಿರುಗುವಾಗ ತಂತಿಯ ವಿದ್ಯುತ್ತು ಐದು ಸಲ ಕಡಿದು ಸೇರುತ್ತದೆ. ಎಕ್ಸ್‌ಚೇಂಜಿನಲ್ಲಿರುವ ಒಂದು ಕೈ ಆ ಐದು ಏಟಿಗೆ ಐದು ಮೆಟ್ಟಿಲು ಏರುತ್ತದೆ. ಮುಂದಿನ ಅಂಕಿಗೆ ಅಷ್ಟೇ ಹೆಜ್ಜೆ ಪಕ್ಕಕ್ಕೆ ತಿರುಗುತ್ತದೆ. ಹತ್ತು ಮೆಟ್ಟಿಲು, ಮೆಟ್ಟಿಲಿಗೆ ಹತ್ತು ಮನೆ. ಹೀಗೆ ಒಂದು ಕೈಗೆ ನೂರು ಮನೆ ಎಟುಕುತ್ತವೆ. ನಾಲ್ಕು ಅಂಕಿಯ ಊರಿನಲ್ಲಿ ಮೊದಲೆರಡು ಅಂಕಿ ಬೇರೆ ಕೈಗಳ ಪಾಲು, ಕೊನೆಯ ಎರಡು ಕೊನೆಯ ಕೈಯ ಪಾಲು. ಇಂತಹ ನೂರಾರು ಕೈಗಳು ಕಬ್ಬಿಣದ ಚೌಕಟ್ಟುಗಳಲ್ಲಿ ಸಾಲಾಗಿ ನಿಂತು, ಬೆಳಗ್ಗೆ ಹತ್ತು ಗಂಟೆಗೆ ಪೇಟೆ ತೆರೆದೊಡನೆ ಮಗ್ಗದ ಮನೆಯಂತೆ ಸದ್ದು ಮಾಡುತ್ತಿದ್ದವು. ನೇಯ್ಗೆಯ ಮನೆಗಳವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಕಟ್ಟಡವನ್ನು ಓದೋಣ. ಬ್ರಿಟಿಷ್ ಮಾದರಿಯ ಪೂರ್ಣ ಚೌಕಟ್ಟಿನ ಎತ್ತರ ಸುಮಾರು ಹತ್ತೂವರೆ ಅಡಿ. ಅದರ ಮೇಲೆ ಕೇಬಲು ಹರಿಯುವ ಏಣಿಯಂಥ ದಾರಿ. ಆದ್ದರಿಂದ ಯಂತ್ರದ ಹಜಾರದ ಚಾವಣಿ ಸಾಧಾರಣ ಕಚೇರಿಗಿಂತ ಎತ್ತರವಿರಲೇಬೇಕು. ಹೊರಗಿನಿಂದ ನೋಡಿದಾಗ ಒಂದು ಮಹಡಿಗೂ ಇನ್ನೊಂದಕ್ಕೂ ನಡುವಿನ ಅಂತರ ಅಕ್ಕಪಕ್ಕದ ಮನೆಗಳಿಗೆ ಹೊಂದದೆ ಕಾಣುವುದು ಇದಕ್ಕೇ. ನೆಲ ಭಾರ ಹೊರಬೇಕು, ಕಂಬಗಳು ದಪ್ಪ. ಧೂಳು ಯಂತ್ರದ ಮೊದಲ ಶತ್ರು. ಸಂಪರ್ಕದ ಬಿಂದುವಿನ ಮೇಲೆ ಒಂದು ಕಣ ಕುಳಿತರೂ ಕರೆ ತಪ್ಪುತ್ತದೆ. ಆದ್ದರಿಂದ ಎರಡು ಬಾಗಿಲುಗಳ ಪ್ರವೇಶ, ಬಿಗಿಯಾದ ಕಿಟಕಿ, ಹೊಸ್ತಿಲಿನ ಹೊರಗೆ ಚಪ್ಪಲಿಗಳ ಸಾಲು. ಚಪ್ಪಲಿ ಬಿಟ್ಟು ಒಳಹೋಗುವ ಕಟ್ಟಡಗಳ ಪಟ್ಟಿಯಲ್ಲಿ ದೇವಾಲಯದ ಪಕ್ಕಕ್ಕೆ ಇದನ್ನೂ ಬರೆಯಬೇಕು.

ಹಜಾರದ ಕೆಳಗೆ ಅಥವಾ ಪಕ್ಕದಲ್ಲಿ ಎಂ.ಡಿ.ಎಫ್. ಎಂದು ಕರೆಯುವ ಮುಖ್ಯ ವಿತರಣಾ ಚೌಕಟ್ಟಿನ ಕೋಣೆ. ಊರಿನ ಕೇಬಲುಗಳೆಲ್ಲ ನೆಲದ ಕಾಲುವೆಯಿಂದ ಮೇಲೆದ್ದು ಇಲ್ಲಿ ಬಿಡಿಬಿಡಿಯಾಗುತ್ತವೆ. ಚೌಕಟ್ಟಿನ ಒಂದು ಬದಿ ಬೀದಿಯ ಕ್ರಮದಲ್ಲಿದೆ, ಇನ್ನೊಂದು ಬದಿ ದೂರವಾಣಿ ಸಂಖ್ಯೆಯ ಕ್ರಮದಲ್ಲಿದೆ; ನಡುವೆ ಅಡ್ಡಾದಿಡ್ಡಿ ಓಡುವ ಜಂಪರ್ ತಂತಿಗಳು ಮನೆಗೂ ಸಂಖ್ಯೆಗೂ ಗಂಟು ಹಾಕುತ್ತವೆ. ಸಿಡಿಲಿನಿಂದ ಯಂತ್ರವನ್ನು ಕಾಯುವ ಸಾಧನಗಳೂ ಇಲ್ಲಿಯೇ. ಇಡೀ ಊರು ಒಂದು ಗೋಡೆಯ ಉದ್ದಕ್ಕೆ ಹರಡಿ ನಿಂತಂತಿರುವ ಈ ಕೋಣೆ, ನನ್ನ ಮಟ್ಟಿಗೆ, ಕಟ್ಟಡದಲ್ಲೆಲ್ಲ ಸುಂದರವಾದ ಸ್ಥಳ.

ಬ್ಯಾಟರಿ ಕೋಣೆ ಯಾವಾಗಲೂ ಬೇರೆ. ಎರಡು ವೋಲ್ಟಿನ ಸೀಸದ ಕೋಶಗಳನ್ನು ಸಾಲಾಗಿ ಜೋಡಿಸಿ ಸುಮಾರು 50 ವೋಲ್ಟನ್ನು ಪಡೆಯುತ್ತಿದ್ದರು. ಮನೆಯಲ್ಲಿ ದೀಪವಾರಿದ ರಾತ್ರಿಯೂ ದೂರವಾಣಿ ಬದುಕಿರುತ್ತಿದ್ದುದು ಇದರಿಂದ. ಕೋಶಗಳಿಗೆ ವಿದ್ಯುತ್ತು ತುಂಬುವಾಗ ಜಲಜನಕ ಹೊರಬರುತ್ತದೆ, ಆಮ್ಲದ ಆವಿ ಏಳುತ್ತದೆ. ಆದ್ದರಿಂದ ಇಲ್ಲಿಯ ನೆಲಕ್ಕೆ ಆಮ್ಲ ತಾಗದ ಹಾಸು, ಗೋಡೆಗೆ ಆಮ್ಲ ತಡೆಯುವ ಬಣ್ಣ, ಮೇಲೆ ಗಾಳಿ ಹೊರದೂಡುವ ಫ್ಯಾನು. ಡೀಸೆಲ್ ಎಂಜಿನ್ನಿಗೆ ಹಿತ್ತಲಲ್ಲಿ ಪ್ರತ್ಯೇಕ ಗೂಡು; ಅದರ ನಡುಕ ಯಂತ್ರಕ್ಕೆ ತಲಪಬಾರದು.

ಕಟ್ಟಡ ಊರಿನಲ್ಲಿ ಎಲ್ಲಿ ನಿಂತಿದೆ ಎಂಬುದರಲ್ಲಿಯೂ ಒಂದು ಗಣಿತವಿದೆ. ಶಾಲೆಯ ಸಂಚಿಕೆಯಾದ್ದರಿಂದ ಅದನ್ನು ಬಿಡಿಸಿ ನೋಡಬಹುದು. ಒಂದು ನೇರ ರಸ್ತೆಯ ಮೇಲೆ ಐವರು ಚಂದಾದಾರರಿದ್ದಾರೆನ್ನೋಣ: ಮೊದಲನೆಯವನು ರಸ್ತೆಯ ಆರಂಭದಲ್ಲಿ, ಉಳಿದವರು ಅಲ್ಲಿಂದ 1, 2, 3 ಮತ್ತು 14 ಫರ್ಲಾಂಗ್ ದೂರದಲ್ಲಿ. ಎಕ್ಸ್‌ಚೇಂಜನ್ನು ಎಲ್ಲಿಟ್ಟರೆ ತಾಮ್ರ ಕಡಿಮೆ? ದೂರಗಳ ಸರಾಸರಿ 4. ಅಲ್ಲಿಟ್ಟರೆ ಒಟ್ಟು ತಂತಿಯ ಉದ್ದ 4, 3, 2, 1, 10 ಸೇರಿ 20 ಫರ್ಲಾಂಗ್. ಸಾಲಿನ ನಡುವಿನವನಾದ ಮೂರನೆಯವನ ಬಳಿ, ಅಂದರೆ 2ರಲ್ಲಿ, ಇಟ್ಟರೆ 2, 1, 0, 1, 12 ಸೇರಿ 16. ದೂರದ ಒಬ್ಬನಿಗಾಗಿ ಕೇಂದ್ರವನ್ನು ಎಳೆದೊಯ್ದರೆ ಹತ್ತಿರದ ನಾಲ್ವರ ತಂತಿ ಬೆಳೆಯುತ್ತದೆ. ಎಂಜಿನಿಯರುಗಳು ತಾಮ್ರದ ಕೇಂದ್ರವೆಂದು ಕರೆಯುತ್ತಿದ್ದ ಈ ಬಿಂದು ಅಂಗಡಿಸಾಲು ದಟ್ಟವಾಗಿರುವಲ್ಲಿಯೇ ಬೀಳುತ್ತದೆ. ಊರ ಹೊರಗೆ ಅಗ್ಗದ ಜಾಗವಿದ್ದರೂ ಎಕ್ಸ್‌ಚೇಂಜು ಪೇಟೆಗೆ ಅಂಟಿಕೊಂಡಿರುವುದಕ್ಕೆ ಕಾರಣ ಇದು. ಅಂದಿನ ಎಕ್ಸ್‌ಚೇಂಜು ನಿಂತ ಜಾಗವನ್ನು ನೋಡಿ ಅಂದಿನ ವ್ಯಾಪಾರ ಎಲ್ಲಿ ನಡೆಯುತ್ತಿತ್ತೆಂದು ಊಹಿಸಬಹುದು.

ಹೊರ ಚೆಲುವಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಇಂಗ್ಲೆಂಡಿನಲ್ಲಿ ಊರಿನ ಎಕ್ಸ್‌ಚೇಂಜುಗಳನ್ನು ಕೆಂಪಿಟ್ಟಿಗೆಯಲ್ಲಿ, ಅಳತೆಗೆ ಕೂಡುವ ಕಿಟಕಿಗಳೊಡನೆ, ಹಳೆಯ ಗೃಹಸ್ಥರ ಮನೆಯಂತೆ ಕಟ್ಟಿದರು. ಹಳ್ಳಿಯವು ಇಳಿಜಾರು ಮಾಡಿನ ಪುಟ್ಟ ಇಟ್ಟಿಗೆಯ ಗೂಡುಗಳು. ನಮ್ಮಲ್ಲಿ 1963ರಲ್ಲಿ ಅಂಚೆ-ತಂತಿ ಇಲಾಖೆಗೆ ತನ್ನದೇ ಸಿವಿಲ್ ವಿಭಾಗ ಬಂದ ಮೇಲೆ ಕಾಂಕ್ರೀಟಿನ ಕಂಬ-ತೊಲೆಯ, ಚಪ್ಪಟೆ ತಾರಸಿಯ, ಉದ್ದುದ್ದ ಛಜ್ಜದ ಕಟ್ಟಡಗಳು ಊರೂರಿಗೂ ಬಂದವು. ಅಲಂಕಾರವಿಲ್ಲ, ಸುಳ್ಳೂ ಇಲ್ಲ. ಬಿಸಿಲಿಗೆ ಛಜ್ಜ, ಮುಂದೆ ಇನ್ನೊಂದು ಮಹಡಿ ಏರಲೆಂದು ತಾರಸಿಯ ಮೇಲೆ ಬಿಟ್ಟ ಕಂಬಿಗಳು. ಆದರೆ ಯಂತ್ರಕ್ಕೆ ಕೊಟ್ಟ ಗಮನವನ್ನು ಜನರಿಗೆ ಕೊಡಲಿಲ್ಲವೆಂಬ ಮಾತನ್ನು ಹೇಳಲೇಬೇಕು. ವರ್ಷಗಟ್ಟಲೆ ಸಂಪರ್ಕಕ್ಕಾಗಿ ಕಾದ ಅರ್ಜಿದಾರನಿಗೆ ನಿಲ್ಲಲು ದೊರೆತದ್ದು ಮೆಟ್ಟಿಲ ಕೆಳಗಿನ ಒಂದು ಇಕ್ಕಟ್ಟಾದ ಕಿಟಕಿ.

ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳಿರುವ ಎಕ್ಸ್‌ಚೇಂಜನ್ನು ಎಲ್ಲಿಯಾದರೂ ಕಂಡರೆ ಅದನ್ನು ಒಂದು ತಾರೀಖಿನಂತೆ ಓದಬಹುದು. ಎಲೆಕ್ಟ್ರಾನಿಕ್ ಯಂತ್ರಗಳು ವಿದೇಶಗಳಿಂದ ಬಂದಾಗ ಅವುಗಳೊಡನೆ ಹವಾನಿಯಂತ್ರಣವೂ ಬಂತು. ತಂಪಾದ ದೇಶಗಳಿಗಾಗಿ ರೂಪಿಸಿದ ಯಂತ್ರಕ್ಕೆ ನಮ್ಮ ಬೇಸಗೆಯನ್ನು ತೋರಿಸದಂತೆ ಕಿಟಕಿ ಮುಚ್ಚಬೇಕಾಯಿತು. ದೊಡ್ಡ ನಗರಗಳಿಗೆ ಇದು ನಡೆದೀತು. ವಿದ್ಯುತ್ತೇ ನಿಲ್ಲದ ತಾಲ್ಲೂಕಿನ ಹಳ್ಳಿಗೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಿತ್ತೂರಿನಲ್ಲಿ. 1984ರ ಆಗಸ್ಟಿನಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ಯುವ ಎಂಜಿನಿಯರುಗಳು, ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ, ಗ್ರಾಮಗಳಿಗೆಂದೇ ಒಂದು ಎಲೆಕ್ಟ್ರಾನಿಕ್ ವಿನಿಮಯ ಯಂತ್ರವನ್ನು ರೂಪಿಸಿದರು. ರ್‍ಯಾಕ್ಸ್ ಎಂದು ಹೆಸರಾದ 128 ದ್ವಾರಗಳ ಆ ಯಂತ್ರ ಮೊದಲು ಕೆಲಸಕ್ಕೆ ನಿಂತದ್ದು 1986ರ ಜುಲೈಯಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಅದು ಒಂದು ಬೀರುವಿನಷ್ಟು ಜಾಗದಲ್ಲಿ ಕೂರುತ್ತಿತ್ತು. ಬಿಡಿಭಾಗಗಳನ್ನು ಶಾಖ ತಾನಾಗಿ ಮೇಲೇರಿ ಹೊರಹೋಗುವಂತೆ ಜೋಡಿಸಿದ್ದುದರಿಂದ ಹವಾನಿಯಂತ್ರಣ ಬೇಕಿರಲಿಲ್ಲ. ಧೂಳಿಗೂ ಸೆಕೆಗೂ ಅದು ಸಿದ್ಧವಾಗಿಯೇ ಬಂದಿತ್ತು. ವಾಸ್ತುವಿನ ದೃಷ್ಟಿಯಿಂದ ಇದರ ಅರ್ಥವನ್ನು ಯೋಚಿಸಬೇಕು. ಎತ್ತರದ ಚಾವಣಿ ಬೇಡ, ಭಾರದ ನೆಲ ಬೇಡ, ಮುಚ್ಚಿದ ಕಿಟಕಿ ಬೇಡ. ಪಂಚಾಯಿತಿಯ ಒಂದು ಕೋಣೆ ಸಾಕು. ಸ್ಟ್ರೌಜರನ ಯಂತ್ರ ಕಟ್ಟಡವನ್ನು ಕಟ್ಟಿಸಿತ್ತು. ಕಿತ್ತೂರಿನ ಯಂತ್ರ ಕಟ್ಟಡದ ಹಂಗನ್ನೇ ಹರಿಯಿತು. ಅದಕ್ಕೂ ಹತ್ತು ವರ್ಷ ಮೊದಲೇ, 1976ರಲ್ಲಿ, ಬೆಂಗಳೂರಿನ ಆ ಕಾರ್ಖಾನೆ ನಮ್ಮ ಹೆದ್ದಾರಿಯಲ್ಲಿಯೇ ಪಡುವಣಕ್ಕೆ ಹೋದರೆ ಸಿಗುವ ಪಾಲಕ್ಕಾಡಿನಲ್ಲಿ ಒಂದು ಘಟಕವನ್ನು ತೆರೆದಿತ್ತು. ಮುಂದಿನ ವರ್ಷಗಳಲ್ಲಿ ಹಳದಿ ಬಣ್ಣದ ಎಸ್.ಟಿ.ಡಿ. ಗೂಡುಗಳು ಬೀದಿ ಬೀದಿಗೆ ಹಬ್ಬಿದವು. ತಿರುಪ್ಪೂರಿನ ಹೆಣಿಗೆಯ ಉಡುಪು ಹಡಗೇರುತ್ತಿದ್ದ ಆ ದಿನಗಳಲ್ಲಿ ದೂರದ ಗಿರಾಕಿಯ ಮಾತು ನೇರವಾಗಿ ಕಿವಿಗೆ ಬಿದ್ದುದರ ಬೆಲೆ ಈ ಸೀಮೆಯವರಿಗೆ ಗೊತ್ತು.

ಆಮೇಲಿನದು ಎಲ್ಲರೂ ಕಂಡ ಕಥೆ. 2000ದ ಅಕ್ಟೋಬರಿನಲ್ಲಿ ಇಲಾಖೆಯ ಸೇವೆ ಬಿ.ಎಸ್.ಎನ್.ಎಲ್. ಆಯಿತು, ಮೊಬೈಲ್ ಬಂತು, ತಾರಸಿಯ ಮೇಲೆ ಮತ್ತೆ ಕಬ್ಬಿಣದ ಗೋಪುರ ಎದ್ದಿತು, ಸ್ಟಾಕ್‌ಹೋಮಿನ ಗೋಪುರದ ಮೊಮ್ಮಗನಂತೆ, ತಂತಿಗಳಿಲ್ಲದೆ. 2013ರ ಜುಲೈಯಲ್ಲಿ ಟೆಲಿಗ್ರಾಂ ನಿಂತಿತು. ನೂರಾರು ಚೌಕಟ್ಟುಗಳಿದ್ದ ಹಜಾರದ ಕೆಲಸವನ್ನು ಈಗ ಮೂಲೆಯ ಒಂದು ಪೆಟ್ಟಿಗೆ ಮಾಡುತ್ತದೆ. 2019ರ ಪುನಶ್ಚೇತನ ಯೋಜನೆಯಲ್ಲಿ ನೆಲ-ಕಟ್ಟಡಗಳಿಂದ ಹಣ ಪಡೆಯುವ ಮಾತೂ ಸೇರಿತ್ತು. ಸ್ವಯಂನಿವೃತ್ತಿ ಪಡೆದು 2020ರ ಜನವರಿ 31ರಂದು ಒಂದೇ ದಿನ ಹೊರನಡೆದ ನೌಕರರು ಸುಮಾರು 78,000. ಪೇಟೆಯ ನಡುವಿನ ಜಾಗ ಎಂದಿಗೂ ದುಬಾರಿ. ಕಟ್ಟಡಕ್ಕೆ ಶಾಸನವಿಲ್ಲ, ಶಿಲ್ಪವಿಲ್ಲ, ಕೆಡವಿದರೆ ಕೇಳುವವರೂ ಇಲ್ಲ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ ಯಾವ ಕೋಣೆಯಲ್ಲಿ ಏನಿತ್ತೆಂದು ಬಲ್ಲವರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವುದು.

ಎಲ್ಲ ಎಕ್ಸ್‌ಚೇಂಜುಗಳನ್ನೂ ಉಳಿಸಿಕೊಳ್ಳಬೇಕೆಂದು ನಾನು ವಾದಿಸುವುದಿಲ್ಲ. ಅದು ಸಾಧ್ಯವೂ ಅಲ್ಲ, ಎಲ್ಲಕ್ಕೂ ಆ ಯೋಗ್ಯತೆಯೂ ಇಲ್ಲ. ಆದರೆ ನಕ್ಷೆ ಬರೆದಿಡಲು ಯಾರ ಹಣವೂ ಬೇಕಿಲ್ಲ. ಶಾಲೆಯ ಮೇಲಿನ ತರಗತಿಯ ಮಕ್ಕಳು, ಅಧಿಕಾರಿಗಳ ಅನುಮತಿ ಪಡೆದು, ಅಳತೆಪಟ್ಟಿಯೊಂದಿಗೆ ಒಂದು ಮಧ್ಯಾಹ್ನ ಮಾಡಬಹುದಾದ ಕೆಲಸ ಅದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಆಪರೇಟರಾಗಿ, ಲೈನ್‌ಮನ್ನರಾಗಿ, ಮೆಕ್ಯಾನಿಕ್ಕಾಗಿ ದುಡಿದವರಿದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಖಾಲಿ ಹಜಾರದ ನೆಲವನ್ನು ಗುಡಿಸಿ ನೋಡಿದರೆ ಚೌಕಟ್ಟುಗಳನ್ನು ಬಿಗಿದಿದ್ದ ಬೋಲ್ಟಿನ ತೂತುಗಳು ಸಾಲುಸಾಲಾಗಿ ಕಾಣಬಹುದು. ಅವುಗಳನ್ನು ಎಣಿಸಿದರೆ ಯಂತ್ರದ ಸಾಲುಗಳನ್ನು ಕಾಗದದ ಮೇಲೆ ಮತ್ತೆ ನಿಲ್ಲಿಸಬಹುದು. ಗೋಡೆಯ ಕೆಳಗೆ ಕೇಬಲು ಒಳಬಂದ ಕಂಡಿ ಯಾವ ಬೀದಿಗೆ ಮುಖ ಮಾಡಿದೆಯೆಂದು ಗುರುತಿಸಬೇಕು. ಉಳಿದೆಲ್ಲ ಕೋಣೆಗಳ ನೆಲ ಒಂದು ಬಗೆಯದಾಗಿದ್ದು ಒಂದರದು ಮಾತ್ರ ಬೇರೆಯಾಗಿದ್ದರೆ, ಅಂಚಿನ ಗಾರೆ ಆಮ್ಲಕ್ಕೆ ಸವೆದು ಬಿಳುಪಾಗಿದ್ದರೆ, ಅದೇ ಬ್ಯಾಟರಿ ಕೋಣೆ. ನಕ್ಷೆಯನ್ನು ಅಲ್ಲಿಂದ ಆರಂಭಿಸಬಹುದು.